ವೇಕ್‌ಮನ್ ಅವರ ಒಂಟಿ ಪಿಯಾನೊ ಮತ್ತು ಬೆಳಗಾವಿಯ ಕೇಳುಗರು

ಬ್ರಿಟನ್ನಿನ ರಾಕ್ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ‘ಮೆಲಂಕೋಲಿಯಾ’ ಎಂಬ ಆಲ್ಬಂ 2025ರ ಅಕ್ಟೋಬರ್‌ನಲ್ಲಿ ಬಂದಂದಿನಿಂದ ಬೆಳಗಾವಿಯ ನಮ್ಮ ಕೇಳುಗರ ಬಳಗದಲ್ಲಿ ಎರಡು ಪಕ್ಷಗಳಾಗಿವೆ. ಆಲ್ಬಮ್ಮಿನಲ್ಲಿರುವುದು ಪಿಯಾನೊ ಒಂದೇ. ಹಾಡುವವರಿಲ್ಲ, ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ, ಅವರನ್ನು ಜಗತ್ತಿಗೆ ಪರಿಚಯಿಸಿದ ಸಿಂಥಸೈಜರ್ ಎಂಬ ವಿದ್ಯುನ್ಮಾನ ಕೀಬೋರ್ಡ್‌ಗಳ ಗೋಡೆಯೂ ಇಲ್ಲ. ಎಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಕಾಲಕ್ಕೆ ಹೊಳೆಯುವ ನಿಲುವಂಗಿ ತೊಟ್ಟು ಹತ್ತಾರು ಕೀಬೋರ್ಡ್‌ಗಳ ನಡುವೆ ನಿಲ್ಲುತ್ತಿದ್ದ ಮನುಷ್ಯ, ತಾನೇ ರಚಿಸಿದ ನಿಧಾನಗತಿಯ ಕೃತಿಗಳನ್ನು ಒಬ್ಬನೇ ಕುಳಿತು ನುಡಿಸಿದ್ದಾರೆ.

ನಮ್ಮ ಬಳಗ ದೊಡ್ಡದೇನಲ್ಲ. ಟಿಳಕವಾಡಿಯಲ್ಲಿ ಗೆಳೆಯರೊಬ್ಬರ ಮನೆಯ ಮಾಳಿಗೆಯಲ್ಲಿ ಸೇರುತ್ತೇವೆ. ಇಂಜಿನಿಯರಿಂಗ್ ಕಾಲೇಜಿನ ದಿನಗಳಲ್ಲಿ ಪುಣೆಯಿಂದಲೂ ಗೋವಾದಿಂದಲೂ ಯಾರ‍್ಯಾರಿಂದಲೋ ತರಿಸಿಕೊಂಡ ಕ್ಯಾಸೆಟ್ಟುಗಳಲ್ಲಿ ವೇಕ್‌ಮನ್ ನುಡಿಸುತ್ತಿದ್ದ ‘ಯೆಸ್’ ಎಂಬ ರಾಕ್ ತಂಡವನ್ನು ಕೇಳಿ ಬೆಳೆದ ಹಿರಿಯರು ಕೆಲವರಿದ್ದಾರೆ. ಅದೇ ಹಾಡುಗಳನ್ನು ಮೊಬೈಲಿನಲ್ಲಿ ಕಂಡುಕೊಂಡ ಹುಡುಗರೂ ಇದ್ದಾರೆ. ಇವರೊಂದಿಗೆ, ರಾಕ್ ಸಂಗೀತದ ಗಂಧವೇ ಇಲ್ಲದ, ಆದರೆ ಮನೆಯ ಯಜಮಾನರ ಹಳೆಯ ಸ್ನೇಹದಿಂದಾಗಿ ತಪ್ಪದೆ ಬರುವ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರೂ ಇದ್ದಾರೆ. ಅವರು ಬಾರದೇ ಹೋಗಿದ್ದರೆ ಈ ಬರಹ ಬೇರೆಯದೇ ಆಗುತ್ತಿತ್ತು.

ಹಿರಿಯರ ದೂರು ಸರಳವಾಗಿದೆ: ಇದು ನಮ್ಮ ವೇಕ್‌ಮನ್ ಅಲ್ಲ. ಈ ದೂರನ್ನು ಅರ್ಥಮಾಡಿಕೊಳ್ಳಲು ಅವರ ಮನಸ್ಸಿನಲ್ಲಿರುವ ವೇಕ್‌ಮನ್ ಯಾರೆಂಬುದನ್ನು ಸ್ವಲ್ಪ ಹೇಳಬೇಕು. 1949ರಲ್ಲಿ ಲಂಡನ್ನಿನ ಪಶ್ಚಿಮ ಅಂಚಿನ ಪೆರಿವೇಲ್‌ನಲ್ಲಿ ಹುಟ್ಟಿ, ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಸೇರಿ, ಸ್ಟುಡಿಯೋಗಳ ಕೂಲಿ ಕೆಲಸಕ್ಕಾಗಿ ಅದನ್ನು ಅರ್ಧಕ್ಕೇ ಬಿಟ್ಟವರು ಇವರು. 1971ರಲ್ಲಿ ಯೆಸ್ ತಂಡ ಸೇರಿದರು. 1973ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆರು ರಾಣಿಯರ ಮೇಲೆ ಆರು ವಾದ್ಯಕೃತಿಗಳ ಆಲ್ಬಂ ತಂದರು. 1974ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನೂ ಗಾಯಕವೃಂದವನ್ನೂ ಕಟ್ಟಿಕೊಂಡು ಜೂಲ್ಸ್ ವರ್ನ್ ಕಥೆಯೊಂದನ್ನು ಸಂಗೀತವಾಗಿಸಿದರು. ಆ ಮುದ್ರಣ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಮರುವರ್ಷ ಆರ್ಥರ್ ರಾಜನ ಕಥೆಯನ್ನು ವೆಂಬ್ಲಿಯಲ್ಲಿ ಮಂಜುಗಡ್ಡೆಯ ಮೇಲೆ, ಜಾರುವ ಕುಣಿತಗಾರರ ಸಮೇತ ಆಡಿಸಿದರು. ಅದು ಅತಿರೇಕವೆಂದು ಆಗಲೇ ನಕ್ಕವರಿದ್ದರು, ಈಗಲೂ ಇದ್ದಾರೆ. ನನಗೆ ಆ ಅತಿರೇಕದ ಮೇಲೆ ಮಮತೆಯೇ ಹೆಚ್ಚು, ಏಕೆಂದರೆ ಅದರ ಒಳಗೆ ಜಂಬಕ್ಕಿಂತ ತುಂಟತನ ಜಾಸ್ತಿಯಿತ್ತು. ಯೆಸ್ ತಂಡದ ಉದ್ದನೆಯ ಕೃತಿಯೊಂದು ಮ್ಯಾಂಚೆಸ್ಟರ್‌ನ ವೇದಿಕೆಯ ಮೇಲೆ ನಡೆಯುತ್ತಿದ್ದಾಗಲೇ, ತನಗೆ ಅಲ್ಲಿ ಹೆಚ್ಚು ಕೆಲಸವಿಲ್ಲವೆಂದು ಕೀಬೋರ್ಡಿನ ಮೇಲೆ ಇಂಡಿಯನ್ ಕರಿ ಇಟ್ಟುಕೊಂಡು ಉಂಡ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಹಿರಿಯರಿಗೆ ಬೇಕಾದ ಈ ವೇಕ್‌ಮನ್ ಸತ್ತುಹೋಗಿರಲಿಲ್ಲ. 2020ರಲ್ಲಿ, ಕೊರೋನಾದ ದಿನಗಳಲ್ಲಿ, ‘ದಿ ರೆಡ್ ಪ್ಲಾನೆಟ್’ ಬಂದಿತು. ಮಂಗಳ ಗ್ರಹದ ಸ್ಥಳಗಳ ಹೆಸರಿನ ಎಂಟು ಕೃತಿಗಳು ಅದರಲ್ಲಿವೆ. ಆ ಗ್ರಹದ ಸುಮಾರು 22 ಕಿಲೋಮೀಟರ್ ಎತ್ತರದ ಒಲಿಂಪಸ್ ಮಾನ್ಸ್ ಜ್ವಾಲಾಮುಖಿಗೂ, ನಾಲ್ಕು ಸಾವಿರ ಕಿಲೋಮೀಟರ್ ಉದ್ದದ ವ್ಯಾಲೆಸ್ ಮರಿನೆರಿಸ್ ಕಮರಿಗೂ ಒಂದೊಂದು ಕೃತಿ. ಚರ್ಚಿನ ಆರ್ಗನ್ನಿನ ಘನವಾದ ನಾದದಿಂದ ಆರಂಭವಾಗುವ ಆ ಆಲ್ಬಂ, ಗಿಟಾರ್, ಬೇಸ್, ಡ್ರಮ್ಸ್‌ಗಳ ಸಣ್ಣ ತಂಡದೊಂದಿಗೆ ಎಪ್ಪತ್ತರ ದಶಕದ ಕೇಳುಗರು ಬಯಸಿದ್ದನ್ನೆಲ್ಲ ಕೈತುಂಬ ಕೊಟ್ಟಿತ್ತು. ಅದನ್ನು ಕೇಳಿದ ಮೇಲೆ ನಮ್ಮ ಹಿರಿಯರೊಬ್ಬರು ಹೊಸ ಸ್ಪೀಕರುಗಳನ್ನೇ ಕೊಂಡರು. ಆ ಸ್ಪೀಕರುಗಳಿಗೆ ಈಗ ಒಂಟಿ ಪಿಯಾನೊ ಬಂದು ಕುಳಿತಿರುವುದು ಅವರಿಗೆ ಮೋಸವಾದಂತೆ ಕಾಣುತ್ತಿದೆ.

ಇಲ್ಲೊಂದು ಒಗಟಿದೆ. ಇದೇ ಹಿರಿಯರು 2017ರ ‘ಪಿಯಾನೊ ಪೋರ್ಟ್ರೇಟ್ಸ್’ ಆಲ್ಬಮ್ಮನ್ನು ಎದೆಗವಚಿಕೊಂಡಿದ್ದರು. ಅದೂ ಪಿಯಾನೊ ಒಂದರದ್ದೇ. 2016ರ ಜನವರಿಯಲ್ಲಿ ಇಂಗ್ಲಿಷ್ ರಾಕ್ ಗಾಯಕ ಡೇವಿಡ್ ಬೋವಿ ತೀರಿಕೊಂಡಾಗ, ತಾವೇ 1971ರಲ್ಲಿ ಪಿಯಾನೊ ನುಡಿಸಿದ್ದ ಬೋವಿಯವರ ‘ಲೈಫ್ ಆನ್ ಮಾರ್ಸ್?’ ಹಾಡನ್ನು ವೇಕ್‌ಮನ್ ಬ್ರಿಟನ್ನಿನ ರೇಡಿಯೋದಲ್ಲಿ ಹಾಡಿಲ್ಲದೆ ಬರಿಯ ಪಿಯಾನೊದಲ್ಲಿ ನುಡಿಸಿದರು. ಕೇಳಿದ ಜನ ಮರುಳಾದರು, ಅದರಿಂದಲೇ ಆ ಆಲ್ಬಂ ಹುಟ್ಟಿತು, ಬ್ರಿಟನ್ನಿನ ಮೊದಲ ಹತ್ತರ ಪಟ್ಟಿಯನ್ನೂ ಸೇರಿತು. ಹಾಗಾದರೆ ಪಿಯಾನೊ ಒಂಟಿಯಾಗಿರುವುದು ಯಾರಿಗೂ ತೊಂದರೆಯಾಗಿರಲಿಲ್ಲ. ಈಗೇಕೆ ತೊಂದರೆ?

ಇದಕ್ಕೆ ಉತ್ತರ ನನಗೆ ದೊರೆತದ್ದು ಪೇಟಿ ಮಾಸ್ತರರ ಮಾತಿನಿಂದ. ಬೆಳಗಾವಿಯಲ್ಲಿ ಹಾರ್ಮೋನಿಯಂ ಎಂಬುದು ಸಣ್ಣ ಸಂಗತಿಯಲ್ಲ. ಪಂಡಿತ ರಾಮಭಾವು ಬಿಜಾಪುರೆಯವರು 2010ರಲ್ಲಿ ತೀರಿಕೊಳ್ಳುವವರೆಗೆ ಈ ಊರಿನಲ್ಲಿದ್ದು, ಹಿಂದೂಸ್ತಾನಿ ಗಾಯಕರ ಹಲವು ತಲೆಮಾರುಗಳಿಗೆ ಸಾಥ್ (ಪಕ್ಕವಾದ್ಯದ ಜೊತೆ) ನೀಡಿದರು, ನೂರಾರು ಜನರಿಗೆ ಕಲಿಸಿದರು. ಅವರ ಶಿಷ್ಯರೂ ಪ್ರಶಿಷ್ಯರೂ ಇಂದು ದೇಶದ ವೇದಿಕೆಗಳಲ್ಲಿದ್ದಾರೆ. ಗಾಯಕ ಒಂದು ಸ್ವರಗುಚ್ಛವನ್ನು ಬಿಟ್ಟ ಕೂಡಲೇ, ಅದರ ಬಾಲ ಹಿಡಿದು, ಮುಂದೆ ಹೋಗದೆ, ಹಿಂದೆಯೂ ಉಳಿಯದೆ ನುಡಿಸುವುದು ಸಾಥಿಯ ವಿದ್ಯೆ. ಆದರೆ ಸಾಥಿಯೇ ಮುಂದೆ ಬಂದು ಸೋಲೊ ನುಡಿಸಲು ಕುಳಿತಾಗ ಏನಾಗುತ್ತದೆ? ಮಾಸ್ತರರು ಹೇಳಿದರು: “ರಾಗ ಬಾರಸೂತನ ಮಂದಿ ಸುಮ್ನ ಕುಂತಿರತಾರ‍್ರೀ. ನಾಟ್ಯಗೀತಾ ತಗೊಂಡ ಕೂಡ್ಲೆ ಎದ್ದು ಕುಂಡರತಾರ. ಅವರ ಕಿವ್ಯಾಗ ಹಾಡವರು ಬಂದಿರತಾರ.”

ಈ ಮಾತು ವೇಕ್‌ಮನ್ ಅಭಿಮಾನಿಗಳಿಗೆ ನೇರವಾಗಿ ಹೊಂದುತ್ತದೆ. ಪೇಟಿ ವಾದಕ ಗೋವಿಂದರಾವ್ ಟೇಂಬೆಯವರ ಕಾಲದಿಂದಲೂ ಈ ಭಾಗದಲ್ಲಿ ಪೇಟಿಯ ಸೋಲೊ ಮತ್ತು ಮರಾಠಿ ನಾಟಕದ ಹಾಡುಗಳಾದ ನಾಟ್ಯಗೀತ ಜೊತೆಜೊತೆಯಾಗಿ ಬಂದಿವೆ. ಕೇಳುಗರು ಪೇಟಿಯನ್ನು ಕೇಳುತ್ತಲೇ ಮನಸ್ಸಿನಲ್ಲಿ ಪದಗಳನ್ನು ಹಾಡಿಕೊಳ್ಳುತ್ತಾರೆ. ‘ಪಿಯಾನೊ ಪೋರ್ಟ್ರೇಟ್ಸ್’ ಗೆದ್ದದ್ದೂ ಹೀಗೆಯೇ. ಅಲ್ಲಿ ಬೋವಿ ಹಾಡುತ್ತಿರಲಿಲ್ಲ, ಕೇಳುಗರು ಹಾಡುತ್ತಿದ್ದರು. ‘ಮೆಲಂಕೋಲಿಯಾ’ದಲ್ಲಿ ಯಾರೂ ಮೊದಲು ಕೇಳಿದ ಹಾಡು ಇಲ್ಲ. ಸಾಥಿಯ ಒಂಟಿ ವಾದನವನ್ನು ಮೆಚ್ಚುತ್ತೇವೆ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಅದರ ಹಿಂದೆ ಹಾಡುಗಾರನೊಬ್ಬ ಅಡಗಿ ಕುಳಿತಿರಬೇಕೆಂದು ಬಯಸುತ್ತೇವೆ. ಹಾಡುಗಾರನನ್ನೂ ತಂಡವನ್ನೂ ತೆಗೆದುಹಾಕಿದಾಗ, ಉಳಿದವನು ನಮಗೆ ಅಪರಿಚಿತನಾಗುತ್ತಾನೆ.

ಮತ್ತು ವೇಕ್‌ಮನ್ ಮೂಲತಃ ಸಾಥಿಯೇ ಎಂಬುದನ್ನು ಅವರ ಗೋಪುರದಂಥ ಕೀಬೋರ್ಡ್‌ಗಳು ಮರೆಸಿಬಿಟ್ಟಿವೆ. 1969ರಲ್ಲಿ ಬೋವಿಯವರ ‘ಸ್ಪೇಸ್ ಆಡಿಟಿ’ಗೆ ಮೆಲೊಟ್ರಾನ್ ನುಡಿಸಿದವರು ಅವರೇ. ಆ ವಾದ್ಯದ ಒಂದೊಂದು ಮನೆಯ (ಕೀಯ) ಕೆಳಗೂ ಒಂದೊಂದು ಟೇಪಿನ ತುಂಡು ಇರುತ್ತದೆ. ಸುಮಾರು ಎಂಟು ಸೆಕೆಂಡು ಕಳೆಯುತ್ತಿದ್ದಂತೆ ಟೇಪು ಮುಗಿದು ನಾದ ನಿಲ್ಲುತ್ತದೆ, ಹಾಗಾಗಿ ಉಸಿರು ಲೆಕ್ಕ ಹಾಕಿ ನುಡಿಸಬೇಕು. 1971ರಲ್ಲಿ ಕ್ಯಾಟ್ ಸ್ಟೀವನ್ಸ್ ಅವರ ‘ಮಾರ್ನಿಂಗ್ ಹ್ಯಾಸ್ ಬ್ರೋಕನ್’ ಹಾಡಿನ ಪಿಯಾನೊ ಕೂಡ ವೇಕ್‌ಮನ್ ಅವರದೇ. ಮೂಲ ಸ್ತುತಿಗೀತೆ ತೀರ ಚಿಕ್ಕದಾಗಿದ್ದುದರಿಂದ ಅದಕ್ಕೊಂದು ಪೀಠಿಕೆ, ನಡುವೆ ಒಂದೆರಡು ತಿರುವುಗಳು ಬೇಕಾಗಿದ್ದವು. ಇಂದು ಜನ ಆ ಹಾಡನ್ನು ಗುರುತಿಸುವುದೇ ಆ ಪೀಠಿಕೆಯಿಂದ; ಆದರೆ ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ. ನಮ್ಮ ಊರುಗಳ ಸಂಗೀತ ಕಾರ್ಯಕ್ರಮದ ಆಮಂತ್ರಣಪತ್ರಗಳಲ್ಲಿ ಸಾಥಿದಾರರ ಹೆಸರನ್ನು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಪೇಟಿಗೆ ಸಣ್ಣ ಅಕ್ಷರದ ಅದೃಷ್ಟವೂ ಇರದಿದ್ದ ಕಾಲವೊಂದಿತ್ತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು, 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಆಕಾಶವಾಣಿಯ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಯೋಜಕರೇ 1938ರಲ್ಲಿ ಅದರ ವಿರುದ್ಧ ಲೇಖನ ಬರೆದಿದ್ದರು. (ಫ್ರಾನ್ಸಿನಲ್ಲಿ ಹುಟ್ಟಿದ ವಾದ್ಯದಿಂದ ಭಾರತೀಯ ಸಂಗೀತ ಕೆಡುತ್ತದೆಂದು ಇಂಗ್ಲೆಂಡಿನವರು ಚಿಂತಿಸಿದ್ದನ್ನು ನೆನೆದಾಗ ನನಗೆ ನಗು ಬರುತ್ತದೆ.) ಮನೆಗಳು ಸ್ಥಿರವಾಗಿರುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬಾರದು, ಮೀಂಡ್ ಇಲ್ಲ, ಆದ್ದರಿಂದ ಇದು ನಮ್ಮ ಸಂಗೀತಕ್ಕೆ ಒಗ್ಗದು ಎಂಬುದು ಮುಖ್ಯ ಆಕ್ಷೇಪ. ರಾಕ್ ಕೀಬೋರ್ಡ್ ವಾದಕರಿಗೂ ಇದೇ ಕೊರಗು ಇತ್ತು: ಗಿಟಾರಿನವನು ತಂತಿಯನ್ನು ಎಳೆದು ಅಳುವಂತೆ ಮಾಡುವಾಗ ಇವರು ಕಪ್ಪು ಬಿಳಿ ಮನೆಗಳಲ್ಲಿ ಬಂಧಿಯಾಗಿರುತ್ತಿದ್ದರು. 1970ರಲ್ಲಿ ಬಂದ ಮಿನಿಮೂಗ್ ಸಿಂಥಸೈಜರ್‌ನ ಎಡಬದಿಯಲ್ಲಿ ಸ್ವರವನ್ನು ಬಗ್ಗಿಸುವ ಚಿಕ್ಕ ಗಾಲಿಯೊಂದಿತ್ತು. ಆ ಗಾಲಿಯೇ ಅವರನ್ನು ಬಿಡುಗಡೆ ಮಾಡಿತು. ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ. ಹಾಗಾಗಿ ಇದು ಕೆಟ್ಟುಹೋಗಿದೆ ಎಂದುಕೊಂಡ ನಟರೊಬ್ಬರಿಂದ ತಾವು ಅದನ್ನು ಅರ್ಧ ಬೆಲೆಗೆ ಕೊಂಡದ್ದಾಗಿ ವೇಕ್‌ಮನ್ ನಗುತ್ತ ಹೇಳುತ್ತಾರೆ. ಹಿರಿಯರು ಹುಡುಕುತ್ತಿರುವ ವೇಕ್‌ಮನ್ ಈ ಗಾಲಿಯ ವೇಕ್‌ಮನ್. ಹೊಸ ಆಲ್ಬಮ್ಮಿನಲ್ಲಿ ಅವರು ಗಾಲಿಯನ್ನು ಬಿಟ್ಟುಕೊಟ್ಟು ಸ್ಥಿರವಾದ ಮನೆಗಳಿಗೆ ತಾವಾಗಿಯೇ ಮರಳಿದ್ದಾರೆ.

ಆಲ್ಬಮ್ಮನ್ನು ಮಾಳಿಗೆಯಲ್ಲಿ ಹಾಕಿದ ಸಂಜೆ ಮಾಸ್ತರರು ಕಣ್ಣುಮುಚ್ಚಿ ಕೇಳಿದರು. ಮೊದಲು ಅವರು ಎತ್ತಿದ್ದು ಯಾರೂ ಎತ್ತದ ಪ್ರಶ್ನೆ: “ಎಡಗೈ ಏನ್ ಮಾಡತೈತ್ರೀ ಇವರದು?” ಪೇಟಿಯವರಿಗೆ ಎಡಗೈ ಇರುವುದು ತಿದಿ ಒತ್ತುವುದಕ್ಕೆ. ಸ್ವರವನ್ನು ಹುಟ್ಟಿಸುವುದು ಬಲಗೈ, ಅದಕ್ಕೆ ಉಸಿರು ಕೊಟ್ಟು ಏರಿಸಿ ಇಳಿಸುವುದು ಎಡಗೈ. ಪಿಯಾನೊದಲ್ಲಿ ಆ ಉಸಿರಿಲ್ಲ. ಸುತ್ತಿಗೆ ತಂತಿಗೆ ಬಡಿದ ಗಳಿಗೆಯಿಂದಲೇ ನಾದ ಕ್ಷೀಣಿಸತೊಡಗುತ್ತದೆ, ಪೆಡಲ್ ಒತ್ತಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆಯೇ ಹೊರತು ಬೆಳೆಯುವುದಿಲ್ಲ. ವೇಗದ ವಾದನದಲ್ಲಿ ಈ ಕೊರತೆ ಮುಚ್ಚಿಹೋಗುತ್ತದೆ, ಏಕೆಂದರೆ ಒಂದು ಸ್ವರ ಕುಗ್ಗುವ ಮೊದಲೇ ಮುಂದಿನ ಹತ್ತು ಬಂದಿರುತ್ತವೆ. ನಿಧಾನದ ಕೃತಿಯಲ್ಲಿ ಅದು ಬಯಲಾಗುತ್ತದೆ. ಆಗ ಎಡಗೈ ಕೆಳಗಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಹಾಕುತ್ತ, ಬಲಗೈಯ ಸ್ವರ ಇನ್ನೂ ನಿಂತಿದೆಯೆಂಬ ಭ್ರಮೆಯನ್ನು ಕಾಪಾಡಬೇಕು. ವಿವರಣೆ ಕೇಳಿದ ಮಾಸ್ತರರು, “ಹಂಗಾರ ಇವರ ಎಡಗೈನ ಇವರಿಗೆ ಸಾಥ್ ಮಾಡತೈತಿ ಅನ್ರಿ” ಎಂದರು. ಇಡೀ ಆಲ್ಬಮ್ಮಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಹಾಗೆಂದು ನಾನು ಕುರುಡು ಭಕ್ತನಾಗಲಾರೆ. ಒಂದೇ ಕೂಟದಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿದರೆ ಕೃತಿಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂಬುದು ಕೆಲವೆಡೆ ತಿಳಿಯುವುದಿಲ್ಲ. ವೇಕ್‌ಮನ್ ಅವರಿಗೆ ಪಿಯಾನೊದಲ್ಲಿ ಬಹಳ ಹಳೆಯದೊಂದು ಅಭ್ಯಾಸವಿದೆ: ಸುಂದರವಾದ ವಾಕ್ಯವೊಂದನ್ನು ಸರಳವಾಗಿ ಮುಗಿಸುವ ಬದಲು ಅದರ ತುದಿಗೆ ಸರಸರನೆ ಏರುವ ಸ್ವರಗಳ ಗೊಂಚಲೊಂದನ್ನು ಕಟ್ಟುವುದು. ತಂಡದೊಡನೆ ಇದ್ದಾಗ ಅದು ಅಲಂಕಾರ, ಒಂಟಿಯಾಗಿದ್ದಾಗ ಅದು ಮೌನಕ್ಕೆ ಹೆದರಿದಂತೆ ಕೇಳಿಸುತ್ತದೆ. ಹುಡುಗರಲ್ಲೊಬ್ಬ ಇದನ್ನು ಸಿನಿಮಾದ ಹಿನ್ನೆಲೆ ಸಂಗೀತ ಎಂದು ತಳ್ಳಿಹಾಕಿದಾಗ ನನಗೆ ಸಿಟ್ಟು ಬಂದರೂ, ಅವನು ಪೂರ್ತಿ ಸುಳ್ಳು ಹೇಳಿದನೆನ್ನಲಾರೆ. ಆದರೆ ‘ರೆಡ್ ಪ್ಲಾನೆಟ್’ನಂತೆ ಇನ್ನೊಂದು ಬೇಕು ಎಂಬ ಹಿರಿಯರ ಹಟವನ್ನು ಮಾತ್ರ ಒಪ್ಪಲಾರೆ. ಬೆರಳುಗಳ ಸಂಧಿವಾತದ ಬಗ್ಗೆ ಬಹಿರಂಗವಾಗಿಯೇ ಮಾತನಾಡಿರುವ ಕಲಾವಿದರಿಂದ ಇಪ್ಪತ್ನಾಲ್ಕರ ಹರೆಯದ ಓಟವನ್ನು ಅಪೇಕ್ಷಿಸುವುದು ಅಭಿಮಾನವಲ್ಲ, ಜುಲುಮೆ. ನಮ್ಮ ಹಿಂದೂಸ್ತಾನಿ ಕೇಳುಗರು ಈ ವಿಷಯದಲ್ಲಿ ಹೆಚ್ಚು ಉದಾರಿಗಳು. ಹಿರಿಯ ಗಾಯಕರ ತಾನಿನ ವೇಗ ತಗ್ಗಿದ ಮೇಲೂ ಅವರ ಷಡ್ಜವನ್ನು ಕೇಳಲು ರಾತ್ರಿಯಿಡೀ ಕುಳಿತವರು ಈ ಊರಿನಲ್ಲಿದ್ದಾರೆ.

ನನ್ನ ಸಲಹೆ ಇಷ್ಟೇ: ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಒಂದೆರಡು ಕೃತಿಗಳನ್ನು ಹಾಕಿ, ನಿಲ್ಲಿಸಿ, ಎಡಗೈಯನ್ನು ಹಿಂಬಾಲಿಸಿ ಮತ್ತೆ ಕೇಳಿ. ಸ್ಪೀಕರು ಕೊಂಡ ಹಿರಿಯರಿಗೂ ಇದನ್ನೇ ಹೇಳಿದೆ. ಅವರು ಸೋತಿಲ್ಲ, ಮುಂದಿನ ಕೂಟಕ್ಕೆ ಆರು ರಾಣಿಯರ ರೆಕಾರ್ಡನ್ನೇ ಪೂರ್ತಿ ಹಾಕಬೇಕೆಂದು ಕರಾರು ಮಾಡಿಸಿಕೊಂಡಿದ್ದಾರೆ. ನಾನೂ ಒಂದು ಕರಾರು ಹಾಕಿದ್ದೇನೆ: ಅದರ ನಂತರ ‘ಮೆಲಂಕೋಲಿಯಾ’ದ ಒಂದು ಕೃತಿ, ಆಮೇಲೆ ಮಾಸ್ತರರು ತಮ್ಮ ಪೇಟಿಯಲ್ಲಿ ನಾಟ್ಯಗೀತವಿಲ್ಲದೆ ಒಂದು ರಾಗ. ಮಾಸ್ತರರು ಒಪ್ಪಿದ್ದಾರೆ, ಹಿರಿಯರು ಇನ್ನೂ ಯೋಚಿಸುತ್ತಿದ್ದಾರೆ.