ಬರೀ ಗಾಸಿಪ್ ಬರೆದವನಿಗೆ ಇಷ್ಟೊಂದು ಗೌರವ ಯಾಕೆ?

ಅಂಕಣ ಬರೆಯೋಕೆ ಶುರು ಮಾಡ್ಬೇಕು, ಯಾರನ್ನ ಓದ್ಲಿ ಅಂತ ಕೇಳೋ ಹುಡುಗ್ರಿಗೆ ನಾನು ಹೇಳೋ ಹೆಸರುಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಅಂಕಣಕಾರ ಹರ್ಬ್ ಕೇನ್ ಅಂತ ಒಂದು ಯಾವಾಗ್ಲೂ ಇರುತ್ತೆ. ಹೋಗಿ ಹುಡುಕಿ ಓದ್ತಾರೆ, ಆಮೇಲೆ ತಪ್ಪದೇ ಬರೋ ಪ್ರಶ್ನೆ ಇದು: ‘ಸಾರ್, ಇದ್ರಲ್ಲಿ ಏನಿದೆ? ಯಾರೋ ಎಲ್ಲೋ ಊಟಕ್ಕೆ ಕೂತಿದ್ರು, ಯಾರದ್ದೋ ಡೈವೋರ್ಸು, ಒಂದು ಜೋಕು, ಮೂರು ಚುಕ್ಕಿ, ಮತ್ತೆ ಇನ್ಯಾರದ್ದೋ ಸುದ್ದಿ. ಗಾಸಿಪ್ ಅಲ್ವಾ ಇದು? ಇದಕ್ಕೆ ಪುಲಿಟ್ಜರ್ ಬೇರೆ ಕೊಟ್ರಾ?’

ಕೊಟ್ರು. ಅಮೆರಿಕದ ಪತ್ರಿಕೋದ್ಯಮದಲ್ಲಿ ಅತಿ ದೊಡ್ಡ ಪ್ರಶಸ್ತಿ ಅದು. 1996ರಲ್ಲಿ, ವಿಶೇಷ ಪ್ರಶಸ್ತಿ ಅಂತ, ಅವನಿಗೆ ಎಂಬತ್ತು ವರ್ಷ ಆದಾಗ. ಊರಿನ ದನಿ, ಊರಿನ ಮನಸ್ಸಾಕ್ಷಿ ಅನ್ನೋ ಅರ್ಥದ ಮಾತುಗಳನ್ನ ಹೇಳಿ ಕೊಟ್ರು. ಪ್ರತಿ ಸಲ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಇಲ್ಲಿ ಒಂದೇ ಸಲ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸಿದ್ರಾಯ್ತು.

ಗೊತ್ತಿಲ್ಲದೋರಿಗೆ ಮೊದಲು ಮನುಷ್ಯ ಯಾರು ಅಂತ ಹೇಳ್ಬಿಡ್ತೀನಿ. ಹುಟ್ಟಿದ್ದು 1916ರ ಏಪ್ರಿಲ್ 3, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಆದ್ರೆ ತಾನು ಸ್ಯಾನ್ ಫ್ರಾನ್ಸಿಸ್ಕೊದವನೇ ಅಂತ ಸಾಧಿಸೋಕೆ ಒಂದು ಲೆಕ್ಕ ಹೇಳ್ತಿದ್ದ, ತಾನು ಹುಟ್ಟೋಕೆ ಒಂಬತ್ತು ತಿಂಗಳ ಹಿಂದೆ, ಅಂದ್ರೆ 1915ರ ಬೇಸಿಗೆಯಲ್ಲಿ, ಅಪ್ಪ ಅಮ್ಮ ಆ ಊರಿನ ದೊಡ್ಡ ಎಕ್ಸಿಬಿಷನ್ ನೋಡೋಕೆ ಹೋಗಿದ್ರು, ಮಿಕ್ಕಿದ್ದು ನೀವೇ ಲೆಕ್ಕ ಹಾಕ್ಕೊಳ್ಳಿ ಅಂತ. 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪೇಪರಿಗೆ ರೇಡಿಯೊ ಕಾರ್ಯಕ್ರಮಗಳ ಬಗ್ಗೆ ಬರೆಯೋಕೆ ಸೇರ್ಕೊಂಡ. ಆ ಅಂಕಣ ನಿಂತಾಗ, ಹಾಗಾದ್ರೆ ಊರಿನ ಬಗ್ಗೆನೇ ದಿನಾ ಬರೀತೀನಿ ಅಂದ. 1938ರ ಜುಲೈ 5ಕ್ಕೆ ಶುರುವಾಗಿದ್ದು 1997ರಲ್ಲಿ ಅವನು ಸಾಯೋವರೆಗೂ ನಡೀತು. ನಡುವೆ ಯುದ್ಧ ಬಂದಾಗ 1942ರಿಂದ 45ರವರೆಗೆ ಸೇನೆಯ ವಾಯುದಳಕ್ಕೆ ಹೋಗಿದ್ದ, ಆಮೇಲೆ 1950ರಿಂದ 58ರವರೆಗೆ ಎದುರಾಳಿ ಪೇಪರ್ ಎಕ್ಸಾಮಿನರ್‌ನಲ್ಲಿದ್ದ, ಮತ್ತೆ ವಾಪಸ್ ಬಂದ. ಬಹಳ ವರ್ಷ ವಾರಕ್ಕೆ ಆರು ದಿನ, ದಿನಕ್ಕೆ ಹೆಚ್ಚುಕಮ್ಮಿ ಸಾವಿರ ಪದ. ಒಟ್ಟು ಹದಿನಾರು ಸಾವಿರ ಅಂಕಣ ಅಂತ ಅಂದಾಜು. ಅದೂ ಎರಡೇ ಬೆರಳಲ್ಲಿ, ಹಳೇ ರಾಯಲ್ ಟೈಪ್‌ರೈಟರ್ ಮೇಲೆ ಕುಟ್ಟಿ.

ಈಗ ಗಾಸಿಪ್ ವಿಚಾರಕ್ಕೆ ಬರ್ತೀನಿ. ಹೌದು, ಗಾಸಿಪ್ಪೇ. ಅದನ್ನ ಮುಚ್ಚಿಡೋಕೆ ಅವನೂ ಹೋಗ್ಲಿಲ್ಲ, ನಾನ್ಯಾಕೆ ಹೋಗ್ಲಿ. ಒಂದು ತುಣುಕಿಗೂ ಇನ್ನೊಂದಕ್ಕೂ ಮಧ್ಯೆ ಮೂರು ಚುಕ್ಕಿ ಇಡ್ತಿದ್ದ, ಅದಕ್ಕೆ ಮೂರು ಚುಕ್ಕಿಯ ಪತ್ರಿಕೋದ್ಯಮ ಅಂತ ತಾನೇ ಹೆಸರಿಟ್ಟುಕೊಂಡಿದ್ದ, ಆ ಚುಕ್ಕಿಗಳನ್ನೂ ನ್ಯೂಯಾರ್ಕಿನ ವಾಲ್ಟರ್ ವಿಂಚೆಲ್‌ನಿಂದ ಎತ್ತಿದ್ದು ಅಂತ ಹೇಳ್ಕೊಳ್ತಿದ್ದ. ವಿಂಚೆಲ್ ಅಂದ್ರೆ ಆ ಕಾಲದಲ್ಲಿ ಇಡೀ ಅಮೆರಿಕ ಹೆದರ್ತಿದ್ದ ಗಾಸಿಪ್ ದೊರೆ, ಯಾರನ್ನ ಬೇಕಾದ್ರೂ ಏರಿಸಬಲ್ಲ ಬೀಳಿಸಬಲ್ಲ. ಕೇನ್ ಆ ಚುಕ್ಕಿ ತಗೊಂಡ, ಆ ಹೆದರಿಕೆ ತಗೊಳ್ಳಲಿಲ್ಲ, ನನ್ನ ಪ್ರಕಾರ ಇಲ್ಲೇ ಇರೋದು ವ್ಯತ್ಯಾಸ. ವಿಂಚೆಲ್ ಬರೆದಿದ್ದು ದೇಶಕ್ಕೆ ಗೊತ್ತಿರೋ ನಟನಟಿಯರ ಬಗ್ಗೆ. ಇವನು ಬರೆದಿದ್ದು ಒಂದು ಊರಿನ ಬಗ್ಗೆ, ಆ ಊರಿನೋರೇ ಓದೋಕೆ. ಮೇಯರ್ ಹೆಸರು ಬಂದ ಅಂಕಣದಲ್ಲೇ ಬಾರ್‌ನಲ್ಲಿ ಗ್ಲಾಸ್ ತುಂಬಿಸೋನ ಹೆಸರೂ ಬರೋದು, ಎರಡೂ ಅದೇ ದಪ್ಪ ಅಕ್ಷರದಲ್ಲಿ.

ಆ ಸುದ್ದಿಗಳು ಎಲ್ಲಿಂದ ಬರ್ತಿದ್ವು ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ. ರಾತ್ರಿ ಅವನೂ ತಿರುಗ್ತಿದ್ದ, ಹೋಟೆಲ್ಲು, ಬಾರು, ನಾಟಕ, ಪಾರ್ಟಿ ಎಲ್ಲಾ ಕಡೆ. ಆದ್ರೆ ದಿನಾ ಒಂದು ಡಜನ್‌ಗೂ ಹೆಚ್ಚು ತುಣುಕು ಒಬ್ಬನೇ ತಿರುಗಿ ತರೋಕಾಗಲ್ಲ. ಜನ ಕಳಿಸ್ತಿದ್ರು. ಕಾಗದ ಬರೆದು, ಫೋನ್ ಮಾಡಿ, ದಾರಿಯಲ್ಲಿ ಅಡ್ಡ ಹಾಕಿ. ಅಂಗಡಿ ಬೋರ್ಡಲ್ಲಿ ಕಂಡ ತಮಾಷೆ ತಪ್ಪು, ಬಸ್ಸಲ್ಲಿ ಕಿವಿಗೆ ಬಿದ್ದ ಮಾತು, ಮಾಡೋ ಕೆಲಸಕ್ಕೂ ಇಟ್ಟ ಹೆಸರಿಗೂ ಸರಿಯಾಗಿ ಹೊಂದಿಕೊಂಡು ಬಿಟ್ಟ ಯಾರದ್ದೋ ಹೆಸರು, ಇಂಥದ್ದೆಲ್ಲ. ಜೊತೆಗೆ ಪಿಆರ್ ಏಜೆಂಟುಗಳು ಇದ್ದೇ ಇದ್ರು, ನಾಲ್ಕು ಒಳ್ಳೆ ಸುದ್ದಿ ಕೊಟ್ಟು ಅದ್ರ ಮಧ್ಯೆ ತಮ್ಮ ಗಿರಾಕಿಯ ಹೋಟೆಲ್ ಹೆಸರು ತೂರಿಸೋರು, ಅದು ಅವನಿಗೂ ಗೊತ್ತು ಅವರಿಗೂ ಗೊತ್ತು. ಹೇಗೇ ಬರ್ಲಿ, ಊರಲ್ಲಿ ಏನಾದ್ರೂ ಕಣ್ಣಿಗೆ ಬಿದ್ರೆ ಇದನ್ನ ಕೇನ್‌ಗೆ ಹೇಳ್ಬೇಕು ಅನ್ನೋ ಅಭ್ಯಾಸ ಜನಕ್ಕೆ ಬಿದ್ದಿತ್ತಲ್ಲ, ಆ ಅಭ್ಯಾಸನ ಕಟ್ಟಿದ್ದೇ ಅವನ ನಿಜವಾದ ಕೆಲಸ ಅಂತೀನಿ ನಾನು. ಅಂಕಣ ಅದರ ರಶೀದಿ ಅಷ್ಟೇ.

ಇದನ್ನ ಹೇಳಿದ್ರೆ ಕೆಲವರು, ಹಾಗಾದ್ರೆ ಅವನು ಬರಹಗಾರ ಅಲ್ಲ, ಪೋಸ್ಟ್‌ಮ್ಯಾನ್ ಅಂತಾರೆ. ಬಂದ ನೂರು ಸುದ್ದಿಯಲ್ಲಿ ಯಾವ ಇಪ್ಪತ್ತು ಇಟ್ಕೊಳ್ಳೋದು, ಯಾವುದರ ಪಕ್ಕ ಯಾವುದು, ದುಃಖದ ಸುದ್ದಿ ಆದ್ಮೇಲೆ ನಗೆ ಎಷ್ಟು ಸಾಲು ಬಿಟ್ಟು ಬರ್ಬೇಕು, ಒಂದು ಸಂಗತೀನ ಎರಡೇ ಸಾಲಲ್ಲಿ ಮುಗಿಸಿ ಮುಂದಕ್ಕೆ ಹೋಗೋದು ಹೇಗೆ, ಒಂದು ವಾರ ಮಾಡಿ ನೋಡಿ ಆಮೇಲೆ ಮಾತಾಡೋಣ. ಸಾವಿರ ಪದದಲ್ಲಿ ಒಂದು ಅಭಿಪ್ರಾಯ ಬರೆಯೋದು ಸುಲಭ, ಎಳೆದರೆ ಆಯ್ತು. ಸಾವಿರ ಪದದಲ್ಲಿ ಇಪ್ಪತ್ತು ವಿಷಯ ಹೇಳೋಕೆ ಎಳೆಯೋಕೆ ಜಾಗವೇ ಇರಲ್ಲ.

1958ರ ಏಪ್ರಿಲ್ 2ರ ಅಂಕಣ ಇದಕ್ಕೆ ಒಳ್ಳೇ ಉದಾಹರಣೆ. ಒಂದು ಮ್ಯಾಗಜೀನ್‌ನೋರು ಊರಿನ ಗಡ್ಡದ ಕವಿ ಕಲಾವಿದರನ್ನೆಲ್ಲ ಕರೆದು ಪಾರ್ಟಿ ಕೊಟ್ಟಿದ್ರು, ಐವತ್ತು ಜನಕ್ಕೆ ಮಾಡಿದ್ದು ಪುಕ್ಕಟೆ ಡ್ರಿಂಕ್ಸ್ ಅಂತ ಗೊತ್ತಾಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ನುಗ್ಗಿದ್ರು ಅಂತ ಒಂದು ಸಣ್ಣ ತುಣುಕು. ಹಿಂದಿನ ವರ್ಷ ರಷ್ಯಾದೋರು ಸ್ಪುಟ್ನಿಕ್ ಹಾರಿಸಿದ್ರಲ್ಲ, ಅದರ ಬಾಲ ಹಿಡಿದು, ‘ಬೀಟ್’ ಪೀಳಿಗೆ ಅಂತ ಕರೆಸ್ಕೊಳ್ತಿದ್ದ ಈ ಜನಕ್ಕೆ ‘ಬೀಟ್ನಿಕ್’ ಅಂತ ಕರೆದುಬಿಟ್ಟ. ಮುಂದಿನ ಐಟಂಗೆ ಹೋದ. ಅವನು ಮುಂದಕ್ಕೆ ಹೋದ್ರೂ ಜಗತ್ತು ಆ ಹೆಸರನ್ನ ಬಿಡ್ಲಿಲ್ಲ, ಡಿಕ್ಷನರಿಗೂ ಹೋಗಿ ಕೂತ್ಕೊಂಡಿದೆ.

ಅವನಲ್ಲಿ ನನಗೆ ಇಷ್ಟ ಆಗದ್ದೂ ಇದೆ, ಅದನ್ನ ಹೇಳ್ದೇ ಇದ್ರೆ ಇದು ಶ್ರದ್ಧಾಂಜಲಿ ಥರ ಆಗ್ಬಿಡುತ್ತೆ. ಪ್ರತಿ ಶುಕ್ರವಾರ ಮಧ್ಯಾಹ್ನ ಲೆ ಸೆಂಟ್ರಲ್ ಅನ್ನೋ ರೆಸ್ಟೊರೆಂಟಲ್ಲಿ ಅವನ ಜೊತೆ ಊಟಕ್ಕೆ ಕೂರ್ತಿದ್ದೋರು ಯಾರು ಗೊತ್ತಾ? ಬಟ್ಟೆ ವ್ಯಾಪಾರಿ ವಿಲ್ಕ್ಸ್ ಬ್ಯಾಶ್‌ಫರ್ಡ್ ಮತ್ತೆ ರಾಜಕಾರಣಿ ವಿಲ್ಲಿ ಬ್ರೌನ್. ಆ ಬ್ರೌನ್ 1996ರ ಜನವರಿಯಲ್ಲಿ ಮೇಯರ್ ಆದ. ಊರಿನ ದೊಡ್ಡ ಅಂಕಣಕಾರ ಮೇಯರ್ ಜೊತೆ ಒಂದೇ ಟೇಬಲ್ಲಿನ ಸ್ನೇಹಿತ ಅಂದ್ರೆ, ಆ ಟೇಬಲ್ ಬಗ್ಗೆ ಕಟುವಾಗಿ ಬರೆಯೋರು ಯಾರು? ಸ್ನೇಹಿತರ ವಿಷಯದಲ್ಲಿ ಅವನ ಪೆನ್ನು ಮೆತ್ತಗೆ. ಇನ್ನೊಂದು, ನಮ್ಮೂರು ಮೊದಲಿನ ಥರ ಇಲ್ಲ ಅನ್ನೋ ರಾಗ. ಯೌವನದಲ್ಲೇ ಶುರು ಮಾಡಿದ್ದ ಅದನ್ನ, ಮುದುಕ ಆದ್ಮೇಲೆ ಹೇಳ್ಬೇಕಾ. ಸತತವಾಗಿ ಓದಿದ್ರೆ ತಲೆ ಚಿಟ್ಟು ಹಿಡಿಯುತ್ತೆ.

ಇಲ್ಲೇ ಶಿಕಾಗೊದ ಮೈಕ್ ರಾಯ್ಕೊನ ನೆನಪು ಮಾಡ್ಕೊಳ್ಳಿ. ಅವನೂ ಲೋಕಲ್, ಅವನೂ ದಶಕಗಟ್ಟಲೆ ಬರೆದೋನು, ವಾರಕ್ಕೆ ಐದು. ಆದ್ರೆ ಅವನು ಮೇಯರ್ ರಿಚರ್ಡ್ ಡೇಲಿ ಬೆನ್ನು ಬಿದ್ದೋನು, ಅವರ ಇಡೀ ಪಾರ್ಟಿ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಬಿಚ್ಚಿ ಪುಸ್ತಕ ಬರೆದ, 1972ರಲ್ಲಿ ಅವನಿಗೂ ಪುಲಿಟ್ಜರ್ ಬಂತು. 1984ರಲ್ಲಿ ಪತ್ರಿಕೋದ್ಯಮದ ದೊಡ್ಡ ದಣಿ ರುಪರ್ಟ್ ಮರ್ಡಾಕ್ ಅವನಿದ್ದ ಸನ್ ಟೈಮ್ಸ್ ಪೇಪರ್ ಕೊಂಡುಕೊಂಡಾಗ, ಮರ್ಯಾದೆ ಇರೋ ಯಾವ ಮೀನೂ ಮರ್ಡಾಕ್ ಪೇಪರಲ್ಲಿ ಸುತ್ತಿಸ್ಕೊಳ್ಳಲ್ಲ ಅಂತ ಹೇಳಿ ಎದುರಿನ ಟ್ರಿಬ್ಯೂನ್‌ಗೆ ಹೋದ. ಕೇನ್ ಇಂಥ ಜಗಳಗಂಟ ಅಲ್ಲ. ನ್ಯಾಯ ಬೇಕಾದ ದಿನ ನಾನು ರಾಯ್ಕೊನ ಓದ್ತೀನಿ. ಹಾಗಂತ ಶಿಕಾಗೊದ ಸಂಜೆ ಹೇಗಿತ್ತು, ಜನ ಏನು ಮಾತಾಡ್ಕೊಂಡು ಮನೆಗೆ ಹೋಗ್ತಿದ್ರು ಅಂತ ರಾಯ್ಕೊನಲ್ಲಿ ಸಿಗೋದಕ್ಕಿಂತ ಹೆಚ್ಚು, ಸ್ಯಾನ್ ಫ್ರಾನ್ಸಿಸ್ಕೊ ಬಗ್ಗೆ ಕೇನ್‌ನಲ್ಲಿ ಸಿಗುತ್ತೆ. ಇಬ್ಬರೂ ಸತ್ತಿದ್ದು ಒಂದೇ ವರ್ಷ, 1997ರಲ್ಲಿ, ಕೇನ್ ಫೆಬ್ರವರಿ 1ಕ್ಕೆ, ರಾಯ್ಕೊ ಏಪ್ರಿಲ್ 29ಕ್ಕೆ.

ಮೆತ್ತಗಿನ ಪೆನ್ನು ಅಂದೆ, ಆದ್ರೆ ಊರಿನ ಚಹರೆಗೆ ಕೈ ಹಾಕಿದ್ರೆ ಅವನೂ ಸುಮ್ಮನೆ ಇರ್ತಿರ್ಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಊರಿಗೂ ಸಮುದ್ರದ ಕೊಲ್ಲಿಗೂ ಮಧ್ಯೆ ಎರಡು ಅಂತಸ್ತಿನ ಎಂಬಾರ್ಕಡೆರೊ ಫ್ರೀವೇ ಕಟ್ಟಿದ್ರು, ದಡದಲ್ಲಿ ನಿಂತ್ರೂ ನೀರು ಕಾಣದಂಗೆ ಕಾಂಕ್ರೀಟ್ ಗೋಡೆ. ಅದಕ್ಕೆ ‘ಡ್ಯಾಂಬಾರ್ಕಡೆರೊ’ ಅಂತ ಬೈಗುಳ ಸೇರಿಸಿದ ಹೆಸರಿಟ್ಟ. ಅವನು ಬೈದಿದ್ದಕ್ಕೆ ಅದು ಬೀಳ್ಲಿಲ್ಲ, 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪ ಅದನ್ನ ಹಾಳು ಮಾಡ್ತು, 1991ರಲ್ಲಿ ಒಡೆಯೋಕೆ ಶುರು ಮಾಡಿದ್ರು. ರಿಪೇರಿ ಮಾಡಿ ಮತ್ತೆ ಎಬ್ಬಿಸಬೇಕು ಅನ್ನೋರೂ ಇದ್ರು. ಕೊನೆಗೆ ನೀರು ಮತ್ತೆ ಕಾಣೋಹಾಗೆ ಆಯ್ತು. 1996ರಲ್ಲಿ ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದ್ಮೇಲೆ, ಜೂನ್ 14ನ್ನ ಹರ್ಬ್ ಕೇನ್ ದಿನ ಅಂತ ಮಾಡಿ ಆ ದಡದ ಕಾಲ್ದಾರಿಗೇ ಅವನ ಹೆಸರಿಟ್ರು, ಹೆಸರಿನ ಕೊನೆಗೆ ಮೂರು ಚುಕ್ಕಿ ಸೇರಿಸಿ. ಸರ್ಕಾರಿ ಬೋರ್ಡ್ ಮೇಲೆ ಒಬ್ಬ ಅಂಕಣಕಾರನ ಪಂಕ್ಚುಯೇಷನ್! ಇಂಥ ಮರ್ಯಾದೆ ಎಷ್ಟು ಕವಿಗಳಿಗೆ ಸಿಕ್ಕಿದೆ ಹೇಳಿ.

ಹೋಗೋದೂ ಜೋರಾಗೇ ಹೋದ. ಗ್ರೇಸ್ ಕೆಥೀಡ್ರಲ್‌ನಲ್ಲಿ ಪ್ರಾರ್ಥನೆ ಆದ್ಮೇಲೆ ಜನ ಮೇಣದ ಬತ್ತಿ ಹಿಡ್ಕೊಂಡು ಕೊಲ್ಲಿ ದಡಕ್ಕೆ ನಡೆದ್ರು, ಅಲ್ಲಿ ಪಟಾಕಿ ಪ್ರದರ್ಶನ, ಅದನ್ನ ಅವನೇ ವಿಲ್‌ನಲ್ಲಿ ಬರೆದಿಟ್ಟಿದ್ದ. ಕೊನೆಯಲ್ಲಿ ಆಕಾಶಕ್ಕೆ ಬೆಂಕಿಯಲ್ಲಿ ಅವನ ಟೈಪ್‌ರೈಟರ್ ಚಿತ್ರ ಬರೋಹಾಗೆ ಮಾಡಿದ್ರು.

ಇನ್ನು ಉಳಿದಿದ್ದೇನು ಅನ್ನೋದು. ಇದೇ ನಿಜವಾದ ಪ್ರಶ್ನೆ, ಗಾಸಿಪ್ ಅಂತ ಕೇಳೋರೆಲ್ಲ ಒಳಗೊಳಗೇ ಕೇಳ್ತಿರೋದು ಇದನ್ನೇ. ಪುಸ್ತಕಗಳಿವೆ, ಊರಿನ ಬಗ್ಗೆ ಅವನದ್ದು ಹಲವಾರು ಬಂದ್ವು, ಆ ಕಾಲದಲ್ಲಿ ಚೆನ್ನಾಗೇ ಹೋದ್ವು. ಆದ್ರೆ ನನ್ನ ಕೇಳಿದ್ರೆ ಅವನ್ನ ಪುಸ್ತಕದಲ್ಲಿ ಓದೋದು ದಂಡ. ಅಂಕಣ ಹುಟ್ಟಿದ್ದು ಮಾರನೇ ದಿನ ಇನ್ನೊಂದು ಬರುತ್ತೆ ಅನ್ನೋ ಧೈರ್ಯದ ಮೇಲೆ. ಆಯ್ದು ಬೈಂಡ್ ಮಾಡಿದ ತಕ್ಷಣ ಒಂದೊಂದು ತುಣುಕೂ ತಾನು ಮುಖ್ಯ ಅಂತ ಎದೆ ಸೆಟೆಸಿ ನಿಂತ್ಕೊಳ್ಳುತ್ತೆ, ಅಷ್ಟು ಭಾರ ಹೊರೋಕೆ ಮಾಡಿದ್ದಲ್ಲ ಅದು. ನಮ್ಮಲ್ಲೂ ಇದೇ ಕಥೆ. ಪ್ರಜಾವಾಣಿಯಲ್ಲಿ ಅದರ ಸಂಪಾದಕ ಟಿಯೆಸ್ಸಾರ್ (ಟಿ.ಎಸ್. ರಾಮಚಂದ್ರರಾವ್) ಬರೀತಿದ್ದ ‘ಛೂಬಾಣ’ ಅಂಕಣದ ಹೆಸರು ಕೇಳದೋರಿಲ್ಲ, ಸರ್ಕಾರ ಪತ್ರಕರ್ತರಿಗೆ ಅವರ ಹೆಸರಲ್ಲಿ ಪ್ರಶಸ್ತಿನೂ ಕೊಡುತ್ತೆ. ಆದ್ರೆ ಒಂದು ಬಾಣ ನೆನಪಿಂದ ಹೇಳಿ ಅಂದ್ರೆ ಈಗಿನ ವರದಿಗಾರರಲ್ಲಿ ಎಷ್ಟು ಜನ ಹೇಳ್ತಾರೋ ನೋಡಿ. ಅದು ಬರಹದ ಸೋಲು ಅಂತ ನಾನು ಒಪ್ಪಲ್ಲ. ಅವತ್ತಿನ ಬೆಳಗ್ಗೆ ಯಾರಿಗೆ ನಾಟಬೇಕಿತ್ತೋ ನಾಟಿದೆ, ಅದಕ್ಕೇ ಬರೆದಿದ್ದು.

ಇನ್ನೊಂದು ಉಳಿಕೆ ಸ್ವಲ್ಪ ಲೇಟಾಗಿ ಗೊತ್ತಾಗೋದು. ಇತಿಹಾಸ ಬರೆಯೋರಿಗೆ ಮೇಯರ್ ಭಾಷಣ ಎಲ್ಲಿ ಬೇಕಾದ್ರೂ ಸಿಗುತ್ತೆ. 1941ರಲ್ಲಿ ಯಾವ ಬಾರ್ ಮುಚ್ತು, ಯಾವ ಟ್ರಾಮ್ ಲೈನ್ ಬಗ್ಗೆ ಜನ ಜೋಕ್ ಮಾಡ್ತಿದ್ರು, ಅದೆಲ್ಲ ಸಂಪಾದಕೀಯದಲ್ಲಿ ಬರಲ್ಲ. ಹತ್ತಿರ ಹತ್ತಿರ ಅರವತ್ತು ವರ್ಷ ಒಬ್ಬನೇ ಮನುಷ್ಯ ಒಂದೇ ಊರನ್ನ ದಿನಾ ಬರೆದಿಟ್ಟಿದ್ದಾನೆ ಅಂದ್ರೆ ಯಾವ ಇಲಾಖೆಗೂ ಸಾಧ್ಯ ಇಲ್ಲದ ದಾಖಲೆ ಅದು. ಗಾಸಿಪ್ ಹಳೇದಾದ್ರೆ ಆಕರ ಆಗುತ್ತೆ, ಅಭಿಪ್ರಾಯ ಹಳೇದಾದ್ರೆ ಹಳೇ ಅಭಿಪ್ರಾಯವೇ. ಇಂಥ ಮಾತು ನನ್ನ ಸಂಪಾದಕ ಮಿತ್ರರಿಗೆ ಹಿಡಿಸಲ್ಲ, ಇರ್ಲಿ.

ಅವನ ನಂತರ ಆ ಜಾಗ ತುಂಬಿದೋರು ಯಾರು ಅಂತಾನೂ ಕೇಳ್ತಾರೆ. ಅಂಕಣಕಾರರು ಬಂದ್ರು, ಅವನ ಥರದವನು ಬರ್ಲಿಲ್ಲ, ಕ್ರಾನಿಕಲ್ ಅವನ ಹಳೇ ಅಂಕಣಗಳನ್ನೇ ಮತ್ತೆ ಮತ್ತೆ ಹಾಕ್ತು. ಬರೋಕೆ ಸಾಧ್ಯವೂ ಇರ್ಲಿಲ್ಲ ಅನ್ಸುತ್ತೆ. ಊರೆಲ್ಲ ಬೆಳಗ್ಗೆ ಒಂದೇ ಪೇಪರ್ ಬಿಡಿಸ್ತಿದ್ದ ಕಾಲಕ್ಕೆ ಇದ್ದ ಕೆಲಸ ಅದು. ಈಗ ಬಸ್ಸಲ್ಲಿ ಕೇಳಿದ ಮಾತನ್ನ ನಾವೇ ಸ್ಟೇಟಸ್ ಹಾಕ್ತೀವಿ, ಇನ್ನೊಬ್ಬನಿಗೆ ಕಳಿಸಿ ಅವನು ಆರಿಸಲಿ ಅಂತ ಕಾಯಲ್ಲ. ಸುದ್ದಿ ಕಳಿಸೋ ಜನ ಹೋದ್ರು, ಹಾಗಾಗಿ ಅಂಕಣನೂ ಹೋಯ್ತು.

ಓದೋಕೆ ಹೊರಟೋರಿಗೆ ಒಂದೇ ಸಲಹೆ. ಅಲ್ಲೊಂದು ಇಲ್ಲೊಂದು ಓದಬೇಡಿ, ‘ಬೆಸ್ಟ್ ಆಫ್’ ಥರದ್ದಂತೂ ಬೇಡವೇ ಬೇಡ. ಯಾವುದಾದ್ರೂ ಒಂದು ವಾರ ಹಿಡ್ಕೊಂಡು ಸೋಮವಾರದಿಂದ ಸಾಲಾಗಿ ಓದಿ. ಮೊದಲೆರಡು ದಿನ ಒಂದು ಹೆಸರೂ ಗೊತ್ತಾಗಲ್ಲ, ಬೋರ್ ಹೊಡೆಯುತ್ತೆ, ನನ್ನ ಬೈಕೊಳ್ಳಿ ಪರವಾಗಿಲ್ಲ. ಗುರುವಾರದ ಹೊತ್ತಿಗೆ ಸೋಮವಾರ ಬಂದ ಯಾರೋ ಮತ್ತೆ ಬಂದ್ರೆ, ಓ ಇವನಾ, ಆ ಬಾಡಿಗೆ ಜಗಳ ಏನಾಯ್ತು ಅಂತ ನೀವೇ ಹುಡುಕೋಕೆ ಶುರು ಮಾಡ್ತೀರಿ. ಆಗ ಮೆಸೇಜ್ ಮಾಡಿ, ಗಾಸಿಪ್ಪಾ ಅಲ್ವಾ ಅಂತ ಆವಾಗ ಜಗಳ ಆಡೋಣ.