ಎರಡರ ದುಡ್ಡಿಗೆ ನಾಕು

"ಹಂಗಾರ ಇಷ್ಟು ವರ್ಷ ಕೆಲಸ ಮಾಡಿದ್ದು ಯಾರಪಾ?"

ಕಾಕಾ ಹೀಗೆ ಕೇಳಿದ್ದು ಕಳೆದ ಭಾನುವಾರ, ಗದಗಿನ ಅವರ ಪ್ರೆಸ್ಸಿನಲ್ಲಿ. ಇವತ್ತು ಗುರುವಾರ. ಹುಬ್ಬಳ್ಳಿಗೆ ವಾಪಸ್ ಬಂದು ಆಫೀಸು, ಮನೆ ಅಂತ ಓಡಾಡಿಕೊಂಡಿದ್ದೇನೆ. ಮಾತು ಮಾತ್ರ ತಲೆಯಿಂದ ಇಳಿದಿಲ್ಲ. ಅವರು ಕೇಳಿದ್ದು ಒಂದು ಪ್ರೊಸೆಸರ್, ಅಂದ್ರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪಿನ ಬಗ್ಗೆ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯೋಕೆ ಕೂರ್ತಿರಲಿಲ್ಲ.

ಗದಗ ಮುದ್ರಣಕ್ಕೆ ಹೆಸರಾದ ಊರು ಅಂತ ಗೊತ್ತಿದ್ದೇ ಇದೆ. ಕಾಕಾನದು ಅಲ್ಲಿಯ ಸಣ್ಣ ಪ್ರೆಸ್ಸುಗಳಲ್ಲಿ ಒಂದು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಈಚೆಗೆ ಫ್ಲೆಕ್ಸ್ ಡಿಸೈನು. ಅಲ್ಲಿರುವ ಹಳೆಯ ಕಂಪ್ಯೂಟರನ್ನು 2010ರಲ್ಲಿ, ಇಂಜಿನಿಯರಿಂಗ್ ಓದುವಾಗ, ನಾನೇ ಜೋಡಿಸಿ ಕೊಟ್ಟಿದ್ದೆ. ಅದರೊಳಗಿರೋದು ಎಎಂಡಿ ಕಂಪನಿಯ ಫಿನಮ್ 2 ಎಕ್ಸ್2 550. 2009ರ ಜೂನ್‌ನಲ್ಲಿ ಬಂದ ಪ್ರೊಸೆಸರ್, 3.1 ಗಿಗಾಹರ್ಟ್ಸ್, ಹೆಸರಿಗೆ ಎರಡೇ ಕೋರ್ (ಚಿಪ್ಪಿನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಭಾಗ). ಹೆಸರಿಗೆ ಅಂದೆ, ಯಾಕಂದ್ರೆ ಆ ಚಿಪ್ಪಿನೊಳಗೆ ಇರೋದು ನಾಲ್ಕು. ಎರಡನ್ನು ಕಂಪನಿಯೇ ಮುಚ್ಚಿ ಮಾರಿತ್ತು. ಕೆಲವು ಚಿಪ್ಪುಗಳಲ್ಲಿ ಮುಚ್ಚಿದ ಕೋರ್ ನಿಜವಾಗಿಯೂ ಪರೀಕ್ಷೆಯಲ್ಲಿ ಫೇಲ್ ಆಗಿರುತ್ತವೆ. ಇನ್ನು ಕೆಲವದರಲ್ಲಿ ಏನೂ ಆಗಿರುವುದಿಲ್ಲ. ಕಡಿಮೆ ಬೆಲೆಯ ಮಾಲು ಬೇಕಾಗಿದೆ ಅಂತ ಚೆನ್ನಾಗಿರೋದನ್ನೇ ಮುಚ್ಚಿರುತ್ತಾರೆ. ನಿಮಗೆ ಸಿಕ್ಕಿದ್ದು ಯಾವುದು ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ತೆರೆದು ನೋಡಿದರೇ ಗೊತ್ತಾಗಬೇಕು. ತೆರೆಯುವ ದಾರಿಯೂ ವಿಚಿತ್ರ. ಎಸ್‌ಬಿ750 ಸೌತ್‌ಬ್ರಿಡ್ಜ್ (ಮದರ್‌ಬೋರ್ಡಿನ ಮೇಲಿನ ಒಂದು ಸಹಾಯಕ ಚಿಪ್ಪು) ಇದ್ದ ಬೋರ್ಡುಗಳಲ್ಲಿ ಅಡ್ವಾನ್ಸ್ಡ್ ಕ್ಲಾಕ್ ಕ್ಯಾಲಿಬ್ರೇಶನ್ ಅಂತ ಒಂದು ಆಯ್ಕೆ ಇತ್ತು. 2008ರಲ್ಲಿ ಅದನ್ನು ಕೊಟ್ಟಿದ್ದು ಓವರ್‌ಕ್ಲಾಕ್ ಮಾಡುವವರಿಗಾಗಿ, ಅಂದ್ರೆ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವವರಿಗಾಗಿ. 2009ರ ಶುರುವಿನಲ್ಲಿ ಯಾರೋ ಅದನ್ನು ಆಟೋಗೆ ಇಟ್ಟು ನೋಡಿದರು, ಮುಚ್ಚಿದ ಕೋರ್ ತೆರೆದುಕೊಂಡಿತು. ನಮ್ಮ ಹಾಸ್ಟೆಲ್ಲಿನಲ್ಲಿ ಆಗ ಇದೇ ಮಾತು. ಕಾಕಾನ ಚಿಪ್ಪಿನಲ್ಲಿ ನಾಲ್ಕೂ ತೆರೆದವು. ಸ್ಕ್ರೀನಿನ ಮೇಲೆ ಹೆಸರೇ ಬದಲಾಯಿತು: ಫಿನಮ್ 2 ಎಕ್ಸ್4 ಬಿ50. ಕಾಕಾನಿಗೆ ಉಳಿದದ್ದು ಏನೂ ತಲೆಗೆ ಹತ್ತಲಿಲ್ಲ, "ಎರಡರ ದುಡ್ಡಿಗೆ ನಾಕು" ಅನ್ನೋದು ಮಾತ್ರ ಹತ್ತಿತು. ಪೇಪರ್ ತರುವವರಿಂದ ಹಿಡಿದು ಲಗ್ನಪತ್ರಿಕೆ ಒಯ್ಯಲು ಬಂದ ಬೀಗರವರೆಗೆ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಪುಟ ಜೋಡಿಸುವ ಪೇಜ್‌ಮೇಕರಿಗೆ ಎರಡು ಕೋರೇ ಜಾಸ್ತಿ, ನಿಜ. ಆದರೆ ಒಂದು ಕಡೆ ದೊಡ್ಡ ಫ್ಲೆಕ್ಸ್ ಫೈಲು ಫೋಟೋಶಾಪಿನಲ್ಲಿ ಸೇವ್ ಆಗುತ್ತಿರುವಾಗ ಇನ್ನೊಂದು ಕಡೆ ನುಡಿ ತಂತ್ರಾಂಶದಲ್ಲಿ ಪತ್ರಿಕೆ ಟೈಪ್ ಮಾಡಬೇಕು ಅಂದ್ರೆ ನಾಲ್ಕು ಇದ್ದದ್ದು ಒಳ್ಳೆಯದೇ ಆಗಿತ್ತು. ಹಳೆಯ ಗಿರಾಕಿಗಳ ಫೈಲೆಲ್ಲ ಪೇಜ್‌ಮೇಕರಿನವೇ. ಅದಕ್ಕೇ ಆ ಕಂಪ್ಯೂಟರ್ ಇಷ್ಟು ವರ್ಷ ಜಾಗ ಬಿಟ್ಟು ಕದಲಿಲ್ಲ.

ಈಗ ಲಗ್ನದ ಸೀಸನ್ ನಡುವೆ ಬೋರ್ಡು ಸತ್ತಿತು. ಕೆಪಾಸಿಟರ್ ಉಬ್ಬಿದ್ದವು. ಆ ಕಾಲದ ಹೊಸ ಬೋರ್ಡು ಈಗ ಎಲ್ಲಿ ಸಿಗಬೇಕು? ಹುಬ್ಬಳ್ಳಿಯ ಒಬ್ಬ ಮೆಕ್ಯಾನಿಕ್ ಸೆಕೆಂಡ್ ಹ್ಯಾಂಡ್ ಬೋರ್ಡು ಹುಡುಕಿ ತಂದು ಹಾಕಿದ. ಅದು ಎಸ್‌ಬಿ850 ಇರುವಂಥದ್ದು. ಆ ಸೌತ್‌ಬ್ರಿಡ್ಜಿನಲ್ಲಿ ಹಳೆಯ ಕ್ಯಾಲಿಬ್ರೇಶನ್ ಸೌಲಭ್ಯ ಇಲ್ಲ. ಬೋರ್ಡು ಮಾಡುವವರೇ ತಮ್ಮ ಬಯಾಸಿನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಓಡುವ ಬೋರ್ಡಿನ ಮೂಲ ಸೆಟ್ಟಿಂಗು) ಕೋರ್ ತೆರೆಯುವ ಬೇರೆ ಆಯ್ಕೆ ಇಟ್ಟಿದ್ದರು. ಮೆಕ್ಯಾನಿಕ್ ಅದನ್ನು ಆನ್ ಮಾಡಿ, ನಾಲ್ಕು ಕೋರ್ ತೋರಿಸಿ, ದುಡ್ಡು ತಗೊಂಡು ಹೋದ. ಮರುದಿನದಿಂದ ಹ್ಯಾಂಗ್. ಕೆಲವೊಮ್ಮೆ ನೀಲಿ ಸ್ಕ್ರೀನು, ಕೆಲವೊಮ್ಮೆ ಸುಮ್ನೆ ರೀಸ್ಟಾರ್ಟ್. ಫೋನ್ ಮಾಡಿದರೆ ಅವನ ಉತ್ತರ ತಯಾರಿತ್ತು: "ಬೋರ್ಡ್ ಬರೋಬ್ಬರಿ ಐತ್ರಿ. ನಿಮ್ಮ ಪ್ರೊಸೆಸರನ ಲಫಂಗ ಐತಿ." ಕೆಲಸ ಗೊತ್ತಿಲ್ಲದವನಲ್ಲ ಅವನು. ಆದರೆ ಯಾವುದೇ ಕಾಯಿಲೆಗೆ ಅವನ ಮೊದಲ ಉತ್ತರ, ತಾನು ಹಾಕದೇ ಇರುವ ಭಾಗ ಕೆಟ್ಟಿದೆ ಅನ್ನೋದು. ಇಂಥವರನ್ನು ನಮ್ಮ ಆಫೀಸಿನಲ್ಲೂ ನೋಡಿದ್ದೇನೆ. ಅವರಿಗೆ ಸಂಬಳ ಬೇರೆ ಜಾಸ್ತಿ.

ಶನಿವಾರ ಸಂಜೆ ನಾನು ಹೋದಾಗ ಪ್ರೆಸ್ಸಿನಲ್ಲಿ ಡಿಟಿಪಿ ಅಕ್ಕ ಒಬ್ಬರೇ ಇದ್ದರು. ನಾನು ಹೈಸ್ಕೂಲಿನಲ್ಲಿ ಇದ್ದಾಗಿನಿಂದ ಅವರು ಅಲ್ಲೇ ಇದ್ದಾರೆ. ಯಾವಾಗ ಹ್ಯಾಂಗ್ ಆಗುತ್ತೆ ಅಂತ ಕೇಳಿದ್ದಕ್ಕೆ ಮೇಜಿನ ಖಾನೆಯಿಂದ ಒಂದು ಪ್ರೂಫ್ ಹಾಳೆ ತೆಗೆದು ಕೊಟ್ಟರು. ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ತಾರೀಖು, ಹೊತ್ತು, ಆಗ ಏನು ಮಾಡುತ್ತಿದ್ದರು, ಆಮೇಲೆ ಏನಾಯಿತು.

"ಟೈಪ್ ಮಾಡುವಾಗ ಏನೂ ಆಗಂಗಿಲ್ಲ ತಮ್ಮಾ. ಫ್ಲೆಕ್ಸ್ ಸೇವ್ ಹಚ್ಚಿದ್ನೆಪಾ ಅಂದ್ರ ನಿಂತ ಬಿಡತೈತಿ. ಮುಂಜಾನೆ ತಂಪಿದ್ದಾಗ ಒಂದೀಟು ತಡಿತೈತಿ."

ನನಗೆ ಬೇಕಾಗಿದ್ದ ಅರ್ಧ ಉತ್ತರ ಆ ಹಾಳೆಯಲ್ಲೇ ಇತ್ತು. ಲೋಡ್ ಬಿದ್ದಾಗ ಹ್ಯಾಂಗ್, ಬಿಸಿಯ ಜೊತೆ ಸಂಬಂಧ. ಮೆಕ್ಯಾನಿಕ್‌ಗೆ ಇದನ್ನು ತೋರಿಸಿದಿರಾ ಅಂದೆ. "ಅವ್ರು ನನ್ನ ಕೇಳಲಿಲ್ಲ. ಮಾಲಕರನ್ನ ಕೇಳಿದ್ರು," ಅಂದರು. ಮಾಲಕರು, ಅಂದ್ರೆ ನಮ್ಮ ಕಾಕಾ, ಆ ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಮೊದಲು ಎರಡು ಕೋರ್ ಮುಚ್ಚಿ, ಬಯಾಸನ್ನು ಮೂಲ ಸ್ಥಿತಿಗೆ ತಂದೆ. ಬುಡವೇ ಗಟ್ಟಿ ಇಲ್ಲದಿದ್ದರೆ ಮೇಲಿನದನ್ನು ಬೈದು ಉಪಯೋಗ ಇಲ್ಲ. ಮೆಮ್‌ಟೆಸ್ಟ್ ಹಾಕಿದರೆ ರ‍್ಯಾಮ್ ಪಾಸು. ಹುಬ್ಬಳ್ಳಿಯಿಂದ ಒಯ್ದಿದ್ದ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಹಾಕಿದೆ. ಪ್ರೊಸೆಸರಿಗೆ ಭಾರೀ ಲೆಕ್ಕ ಕೊಟ್ಟು ತಪ್ಪು ಹಿಡಿಯುವ ಪ್ರೈಮ್95 ಪ್ರೋಗ್ರಾಮು ರಾತ್ರಿಯಿಡೀ ಓಡಿತು, ಒಂದೂ ತಪ್ಪಿಲ್ಲ. ಅಲ್ಲಿಗೆ ಕಂಪನಿ ಕೊಟ್ಟ ಎರಡು ಕೋರ್, ರ‍್ಯಾಮು ಎಲ್ಲ ಸರಿ ಅಂತಾಯಿತು.

ಭಾನುವಾರ ಬೆಳಿಗ್ಗೆ ಮೂರನೆಯದನ್ನು ಮಾತ್ರ ತೆರೆದೆ. ಓಡಿತು. ಅದನ್ನು ಮುಚ್ಚಿ ನಾಲ್ಕನೆಯದನ್ನು ತೆರೆದೆ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ, ಹಾಗಾಗಿ ಇದರ ಹೆಸರು ಕೋರ್ 3. ಪ್ರೈಮ್95 ಶುರುವಾಗಿ ಚಹಾ ಕುಡಿಯುವಷ್ಟರಲ್ಲಿ ಆ ಕೋರಿನ ಲೆಕ್ಕ ತಪ್ಪಿ ನಿಂತಿತು. ಉಳಿದವು ಓಡುತ್ತಲೇ ಇದ್ದವು. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಿ 1.4 ವೋಲ್ಟಿಗೆ ತಂದೆ. ಜಾಸ್ತಿ ಹೊತ್ತು ತಡೆಯಿತು, ಆದರೂ ತಪ್ಪಿತು. ರ‍್ಯಾಮನ್ನು 1333ರ ವೇಗದಿಂದ 1066ಕ್ಕೆ ಇಳಿಸಿದೆ, ಪ್ರೊಸೆಸರ್ ಒಳಗೆ ಮೆಮೊರಿಯ ಜೊತೆ ವ್ಯವಹರಿಸುವ ನಾರ್ತ್‌ಬ್ರಿಡ್ಜಿಗೆ ಚೂರು ವೋಲ್ಟೇಜ್ ಕೊಟ್ಟೆ. ಏನೂ ಬದಲಾಗಲಿಲ್ಲ.

ಇನ್ನೊಂದು ತಲೆನೋವು ಬಿಸಿಯದು. ಹೀಗೆ ಕೋರ್ ತೆರೆದ ಮೇಲೆ ಪ್ರೊಸೆಸರ್ ಒಳಗಿನ ತಾಪಮಾನ ಸರಿಯಾಗಿ ಕಾಣಿಸುವುದಿಲ್ಲ. ಸಾಕೆಟ್ ಹತ್ತಿರದ ಸೆನ್ಸರನ್ನೇ ನಂಬಬೇಕು. ಎರಡು ಕೋರ್ ಇದ್ದಾಗ ಇದು 80 ವಾಟ್‌ನ ಪ್ರೊಸೆಸರ್. ಇದೇ ಚಿಪ್ಪನ್ನು ಪೂರ್ತಿ ತೆರೆದು ಮಾರಿದ ಎಕ್ಸ್4 955ಕ್ಕೆ ಕಂಪನಿ ಬರೆದದ್ದು 125 ವಾಟ್. ಹಳೆಯ ಬೋರ್ಡು ದೊಡ್ಡದು, ಪ್ರೊಸೆಸರಿಗೆ ಕರೆಂಟ್ ಹಾಯಿಸುವ ಅದರ ಮೋಸ್‌ಫೆಟ್‌ಗಳ ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಇತ್ತು. ಈ ಬೋರ್ಡಿನವು ಬೋಳು. ನಾಲ್ಕೂ ಕೋರ್ ಓಡುವಾಗ ಅವುಗಳ ಹತ್ತಿರ ಬೆರಳು ಒಯ್ಯುವಂತಿರಲಿಲ್ಲ. ಟೇಬಲ್ ಫ್ಯಾನ್ ತಿರುಗಿಸಿ ಇಟ್ಟರೆ ಹ್ಯಾಂಗ್ ಕಡಿಮೆ. ಅಕ್ಕ ಬರೆದ "ಮುಂಜಾನೆ ತಂಪಿದ್ದಾಗ" ಇದೇ. ಆದರೆ ಫ್ಯಾನ್ ಇಟ್ಟರೂ ಕೋರ್ 3 ಲೆಕ್ಕ ತಪ್ಪುವುದು ನಿಲ್ಲಲಿಲ್ಲ. ಅಂದ್ರೆ ತೊಂದರೆ ಎರಡು. ಬೋರ್ಡಿಗೆ ನಾಲ್ಕನ್ನು ಹೊರುವ ಶಕ್ತಿ ಇಲ್ಲ, ನಾಲ್ಕನೆಯದಕ್ಕೆ ಈ ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲುವ ಶಕ್ತಿ ಇಲ್ಲ. ಮೆಕ್ಯಾನಿಕ್ ಹೇಳಿದ್ದು ಅರ್ಧ ನಿಜ. ಅರ್ಧ ಹೇಳಿ ಬಿಟ್ಟಿದ್ದಕ್ಕೇ ನನಗೆ ಅವನ ಮೇಲೆ ಸಿಟ್ಟು.

ಹನ್ನೊಂದರ ಸುಮಾರಿಗೆ ಕಾಕಾ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದರು. ನಾನು ನೆಲದ ಮೇಲೆ ಕೂತೇ ಹೇಳಿದೆ: "ಕಾಕಾ, ಕಡೀದೊಂದು ಕೋರ್ ಮುಚ್ಚಿಬಿಡ್ತೀನಿ. ಅದು ಹೆಂಗಿದ್ರೂ ಲೆಕ್ಕಕ್ಕಿಲ್ಲದ್ದು. ಕಂಪನಿ ನಿಮಗ ಕೊಟ್ಟಿದ್ದು ಎರಡ."

ಕಾಕಾ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಲೆಕ್ಕಕ್ಕಿಲ್ಲ? ಹಂಗಾರ ಇಷ್ಟು ವರ್ಷ ಕೆಲಸ ಮಾಡಿದ್ದು ಯಾರಪಾ?"

ಹಿಂದೆ ಅಕ್ಕ ನಕ್ಕರು. ಜೋರಾಗಿ ಅಲ್ಲ, ಮೂಗಿನಲ್ಲಿ ಬಂದಂಥ ನಗು. ಭಾನುವಾರವಾದ್ರೂ ಅರ್ಜೆಂಟ್ ಪತ್ರಿಕೆ ಇದೆ ಅಂತ ಬಂದಿದ್ದರು, ಮಗ್ಗುಲಿನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಕೀಬೋರ್ಡಿನ ಸದ್ದು ಮತ್ತೆ ಶುರುವಾಗಿತ್ತು. ಕಾಕಾನಿಗೆ ನಗು ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಕಂಪ್ಯೂಟರಿನ ಮಾತಿಗೆ ನಕ್ಕರು ಅಂತಲೇ ಅಂದುಕೊಂಡಿರುತ್ತಾರೆ.

ಅಕ್ಕ ಆ ಪ್ರೆಸ್ಸಿಗೆ ಸೇರಿದ್ದು ಬೈಂಡಿಂಗ್ ಹೆಲ್ಪರ್ ಅಂತ. ಈಗಲೂ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹೆಲ್ಪರ್ ಅಂತಲೇ ಇದೆ. ಹಿಂದಿನ ಆಪರೇಟರ್ ಮಧ್ಯಾಹ್ನ ಊಟಕ್ಕೆ ಹೋದಾಗ ಅವನ ಕುರ್ಚಿಯಲ್ಲಿ ಕೂತು ಟೈಪಿಂಗ್ ಕಲಿತವರು. ಅವನು ಬಿಟ್ಟುಹೋದ ಮೇಲೆ ಆ ಕುರ್ಚಿ ಇವರದಾಯಿತು, ಹೆಸರು ಆಗಲಿಲ್ಲ. ಡಿಸೈನು ಅವರದು. ಪ್ರೂಫ್ ಅವರದು. ಯಾವ ಮನೆಯವರು ಕುಲದೇವರ ಹೆಸರನ್ನು ಮೇಲೆ ಹಾಕಿಸುತ್ತಾರೆ, ಯಾರ ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟರೆ ಜಗಳ ಆಗುತ್ತೆ, ಎಲ್ಲ ಅವರ ತಲೆಯಲ್ಲಿದೆ. ಯಾರು ಎಷ್ಟು ಬಾಕಿ ಅನ್ನೋದೂ ಅಲ್ಲೇ ಇದೆ. ಕಾಕಾನೇ ಫೋನಿನಲ್ಲಿ "ತಡ್ರಿ, ಅಕ್ಕಾರ್ನ ಕೇಳಿ ಹೇಳ್ತೀನಿ" ಅನ್ನೋದನ್ನು ನಾನು ಸಾಕಷ್ಟು ಕೇಳಿದ್ದೇನೆ.

ಕಾಕಾ ಕೆಟ್ಟವರಲ್ಲ. ಕೊರೊನಾ ಕಾಲದಲ್ಲಿ ಪ್ರೆಸ್ಸು ಮುಚ್ಚಿದ್ದಾಗಲೂ ಸಂಬಳ ಕೊಟ್ಟವರು. ಆದರೆ ಕೊಟ್ಟಿದ್ದು ಹೆಲ್ಪರ್ ಸಂಬಳ. ಜಿಪುಣತನ ಅನ್ನೋಕೂ ಮನಸ್ಸಾಗಲ್ಲ. ಆಕೆ ಕೇಳಲಿಲ್ಲ, ಇವರು ಕೊಡಲಿಲ್ಲ, ನಡೆದುಕೊಂಡು ಹೋಯಿತು. ಎರಡರ ದುಡ್ಡಿಗೆ ನಾಕು. ಪ್ರೊಸೆಸರಿಗಾದ್ರೆ ಆ ಮಾತು ಚೆಂದ.

ಬಸ್ಸಿನಲ್ಲಿ ಬರುವಾಗ ಈ ಹೋಲಿಕೆಯನ್ನು ನಾನೇ ಒಡೆಯೋಕೆ ನೋಡಿದೆ. ಅಣ್ಣಿಗೇರಿ ದಾಟುವವರೆಗೂ ಅದೇ. ಕೋರಿಗೆ ತನ್ನನ್ನು ಮುಚ್ಚಿದ್ದು ಗೊತ್ತಿಲ್ಲ, ತೆರೆದದ್ದೂ ಗೊತ್ತಿಲ್ಲ. ಅಕ್ಕನಿಗೆ ಎಲ್ಲಾ ಗೊತ್ತು. ಆ ನಗು ಮತ್ತೆ ಎಲ್ಲಿಂದ ಬಂತು? ಇನ್ನೊಂದು ವ್ಯತ್ಯಾಸವೂ ಇದೆ, ಅದು ಕಂಪ್ಯೂಟರಿನ ಪರವಾಗಿಲ್ಲ. ಕೆಟ್ಟ ಕೋರ್ ಯಾವಾಗಲೂ ಹ್ಯಾಂಗ್ ಆಗಿ ತಿಳಿಸಬೇಕಂತ ಇಲ್ಲ. ಸುಮ್ನೆ ತಪ್ಪು ಲೆಕ್ಕ ಹಾಕಿ ಮುಂದೆ ಹೋಗಬಹುದು. ಫೈಲು ಸೇವ್ ಆಗಿರುತ್ತೆ, ಒಳಗೆ ಹಾಳಾಗಿರುತ್ತೆ, ಬೇಕಾದ ದಿನ ತೆರೆಯಲ್ಲ. ಅಕ್ಕ ತಪ್ಪು ಮಾಡುವುದು ಒತ್ತಟ್ಟಿಗಿರಲಿ, ಗಿರಾಕಿ ತಪ್ಪು ಬರೆದು ಕೊಟ್ಟ ಮುಹೂರ್ತವನ್ನೂ ಪಂಚಾಂಗ ನೋಡಿ ಫೋನ್ ಮಾಡಿ ತಿದ್ದುತ್ತಾರೆ.

ಕಾಕಾನಿಗೆ ನಾಲ್ಕನೆಯದನ್ನು ಬಿಡುವ ಮನಸ್ಸಿರಲಿಲ್ಲ. ಫ್ಯಾನ್ ಹಚ್ಚಿಟ್ಟು ಓಡಿಸೋಣು ಅಂದರು. ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡಬಹುದು, ಫೈಲು ಒಳಗೇ ಹಾಳಾದರೆ ಪತ್ರಿಕೆಯನ್ನೇ ಮತ್ತೆ ಮಾಡಬೇಕು ಅಂತ ಹೇಳಿದ ಮೇಲೆ ಸುಮ್ಮನಾದರು. ಲಗ್ನಪತ್ರಿಕೆ ತಡವಾದರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ಮೂರು ಕೋರ್ ಇಟ್ಟೆ, ವೋಲ್ಟೇಜನ್ನು ಮೊದಲಿನದಕ್ಕೆ ಇಳಿಸಿದೆ, ಮೋಸ್‌ಫೆಟ್‌ಗಳಿಗೆ ಸಣ್ಣ ಹೀಟ್‌ಸಿಂಕ್ ಅಂಟಿಸಿದೆ. ಸಂಜೆಯವರೆಗೂ ಪ್ರೈಮ್95 ತಪ್ಪಿಲ್ಲದೆ ಓಡಿತು. ಬಯಾಸಿನ ಬ್ಯಾಟರಿ ಇಳಿದು ಸೆಟ್ಟಿಂಗ್ ಹಾರಿಹೋದರೆ ಗೊತ್ತಾಗಲಿ ಅಂತ ಆ ಸ್ಕ್ರೀನಿನ ಫೋಟೋ ಅಕ್ಕನಿಗೆ ಕಳಿಸಿದೆ. ಕಾಕಾನಿಗೆ ಕಳಿಸಿ ಪ್ರಯೋಜನ ಇಲ್ಲ.

ಸಂಬಳದ ಮಾತು ಅಲ್ಲಿ ಎತ್ತಲಿಲ್ಲ. ಅಕ್ಕನ ಎದುರಿಗೆ ಎತ್ತುವ ಮಾತಲ್ಲ ಅದು. ಮಂಗಳವಾರ ಫೋನಿನಲ್ಲಿ ಎತ್ತಿದೆ. "ಹಾಜರಿ ಪುಸ್ತಕದಾಗ ಇನ್ನೂ ಹೆಲ್ಪರ್ ಅಂತ ಐತಲ್ಲ ಕಾಕಾ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಕಿ ಏನರೆ ಅಂದ್ಲೇನು?" ಅಂದರು. ಇಲ್ಲ, ನಾನೇ ನೋಡಿದೆ ಅಂದೆ. "ಸೀಸನ್ ಮುಗೀಲಿ, ನೋಡೋಣು" ಅಂದು ಪೇಪರ್ ರೇಟು ಏರಿದ ಮಾತಿಗೆ ಹೊರಳಿದರು. ಸೀಸನ್ ಮುಗಿದ ಮೇಲೆ ಮತ್ತೆ ಕೇಳುತ್ತೇನೆ. ಅವರದೇ ಪ್ರಶ್ನೆಯನ್ನು ಅವರಿಗೇ ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ, ಎಷ್ಟಾದ್ರೂ ಕಾಕಾ.

ನಿನ್ನೆ ರಾತ್ರಿ ಅಕ್ಕನ ವಾಟ್ಸಾಪ್ ಬಂತು. ಬೋರ್ಡು ಬದಲಾದ ದಿನದಿಂದ ನಾನು ಹೋಗುವವರೆಗೆ ಸೇವ್ ಆದ ಫೈಲುಗಳನ್ನೆಲ್ಲ ತಾರೀಖಿನ ಪ್ರಕಾರ ತೆಗೆದು, ಒಂದೊಂದಾಗಿ ತೆರೆದು ನೋಡುತ್ತಿದ್ದಾರಂತೆ. ನಾನು ಹೇಳಿರಲಿಲ್ಲ. ಒಂದು ಫ್ಲೆಕ್ಸ್ ಫೈಲು, ಒಂದು ಪತ್ರಿಕೆ ತೆರೆಯಲಿಲ್ಲವಂತೆ. ಪತ್ರಿಕೆಯನ್ನು ಪ್ರೂಫ್ ಪ್ರತಿ ಇಟ್ಟುಕೊಂಡು ಮತ್ತೆ ಟೈಪ್ ಮಾಡಿ ಮುಗಿಸಿದ್ದಾರೆ. ಫ್ಲೆಕ್ಸಿನ ಗಿರಾಕಿಗೆ ಫೋನ್ ಮಾಡಿ ಫೋಟೋ ಮತ್ತೆ ತರಿಸಿಕೊಳ್ಳುತ್ತಾರಂತೆ. ಹಳೆಯ ಫೈಲುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋಕೆ ಎಷ್ಟು ಜಿಬಿಯ ಹಾರ್ಡ್‌ಡಿಸ್ಕ್ ತರಿಸಬೇಕು, ಬಿಲ್ಲು ಯಾರ ಹೆಸರಿಗೆ ಮಾಡಿಸಬೇಕು ಅಂತ ಕೇಳಿದ್ದಾರೆ. ಐನೂರು ಜಿಬಿ ಸಾಕು, ಬಿಲ್ಲು ಕಾಕಾನ ಹೆಸರಿಗೇ ಇರಲಿ ಅಂತ ಬರೆದೆ.