ದವಡೆ ಬಿಗಿದಿತ್ತು

ಮಂಡ್ಯದ ಬೆಲ್ಲದ ಮಂಡಿಯಲ್ಲಿ ನಾನು ಲೆಕ್ಕ ಬರೆಯೋಕೆ ಶುರು ಮಾಡಿ 22 ವರ್ಷ ಆಯ್ತು. ಆಲೆಮನೆಗಳಿಂದ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಬಂದು ಬಿದ್ದ ದಿನ ತೂಕ, ದರ, ಲಾರಿ, ಫೋನು ಎಲ್ಲ ಒಟ್ಟಿಗೇ ತಲೆ ಮೇಲೆ ಕೂರುತ್ತವೆ. ಹೋದ ಆಷಾಢದಲ್ಲಿ ಬಿಪಿ ನೋಡಿಸಿದೆ. 164/100. ಡಾಕ್ಟರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಅಂದರು. ಜೊತೆಗೆ ಒತ್ತಡ ನಿಭಾಯಿಸುವ ತರಬೇತಿಗೂ ಕಳಿಸಿದರು. ವಾರಕ್ಕೊಂದು ಸಂಜೆ, ಎಂಟು ವಾರ.

ಧ್ಯಾನ ಇರಬೇಕು ಅಂದುಕೊಂಡೇ ಹೋದೆ. ಮೇಡಂ ಮೊದಲು ಹೇಳಿದ್ದು, ಮುಷ್ಟಿ ಬಿಗಿ ಹಿಡೀರಿ ಅಂತ. ಐದಾರು ಸೆಕೆಂಡ್ ಬಿಗಿ ಹಿಡಿದು ಒಂದೇ ಸಲ ಸಡಿಲ ಬಿಡಬೇಕು. ಆಮೇಲೆ ತೋಳು, ಭುಜ, ಹಣೆ. ದವಡೆಯ ಸರದಿ ಬಂದಾಗ ನನಗೆ ಬಿಗಿಯೋಕೆ ಏನೂ ಉಳಿದಿರಲಿಲ್ಲ, ಅದು ಆಗಲೇ ಬಿಗಿದಿತ್ತು. ಎಷ್ಟು ವರ್ಷದಿಂದ ಹಲ್ಲು ಕಚ್ಚಿಕೊಂಡೇ ಲೆಕ್ಕ ಬರೆದಿದ್ದೆನೋ! ಬಿಟ್ಟಾಗ ಕಿವಿ ಹತ್ತಿರ ಸಣ್ಣಗೆ ನೋವು, ಕಣ್ಣಲ್ಲಿ ನೀರು.

ಉಸಿರಾಟವನ್ನೂ ಕಲಿಸಿದರು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರು ಅಷ್ಟೇ. ಸಿಟ್ಟಿಗೆ ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಉಸಿರು ನಿಧಾನವಾಗಿ ಹೊರಗೆ ಹೋದಾಗ ಬಡಿತ ಇಳಿಯುತ್ತದೆ.

ನನ್ನನ್ನು ನಿಜಕ್ಕೂ ಅಲುಗಾಡಿಸಿದ್ದು ಒಂದು ನೋಟ್‌ಬುಕ್. ಸಿಟ್ಟು ಬಂದಾಗಲೆಲ್ಲ ಏನಾಯ್ತು, ತಲೆಗೆ ಮೊದಲು ಏನು ಬಂತು ಅಂತ ಬರೆಯಬೇಕು. ಮೂರನೇ ವಾರ ತಿರುವಿ ಹಾಕಿದೆ. ಸಾಲು ಸಾಲಾಗಿ ಒಂದೇ ಮಾತು: 'ಇವರು ನನ್ನ ಲೆಕ್ಕ ನಂಬಲ್ಲ.' ರೈತರ ಮೇಲೆ, ಮಾಲೀಕರ ಮೇಲೆ, ಮನೆಯಲ್ಲಿ ಮಗಳ ಮೇಲೂ ಅದೇ.

ಈಗ 138/86 ಇದೆ. ಅದರಲ್ಲಿ ಮಾತ್ರೆಯ ಪಾಲು ದೊಡ್ಡದು. ತರಬೇತಿ ಆಯ್ತು ಅಂತ ಮಾತ್ರೆ ನಿಲ್ಲಿಸಿಲ್ಲ, ಯಾರೂ ನಿಲ್ಲಿಸಬೇಡಿ. ಆದರೆ ನಿದ್ದೆ ಬರುತ್ತಿದೆ. ರಾತ್ರಿ ಹಲ್ಲು ಕಡಿಯುವ ಸದ್ದು ನಿಂತಿದೆ ಅಂತ ನನ್ನ ಹೆಂಡತಿ ಹೇಳಿದಳು.

ಮೊನ್ನೆ ವಯಸ್ಸಾದ ರೈತರೊಬ್ಬರು ಬಂದು "ಇನ್ನೊಂದ್ಸಲ ತೂಗ್ಬುಡಪ್ಪ" ಅಂದರು. ದವಡೆ ಬಿಗಿಯಿತು. ಗೊತ್ತಾಯ್ತು. ಸಡಿಲ ಬಿಟ್ಟು, ಒಂದು ಉಸಿರು ಹೊರಗೆ ಹಾಕಿ, "ಬನ್ನಿ ಯಜಮಾನ್ರೇ, ತೂಗೋಣ" ಅಂದೆ.

"ಕನ್ನಡಕ ಮನೇಲೇ ಬುಟ್ಟ್ ಬಂದ್ಬುಟ್ಟೆ ಕಣಪ್ಪ, ಅಂಕಿ ಕಾಣ್ನಿಲ್ಲ" ಅಂದರು ಅವರು. ತೂಕ ಜೋರಾಗಿ ಓದಿ ಹೇಳಿದೆ.